ಸ್ಟಿಕ್ಲರ್ ಸಿಂಡ್ರೋಮ್: ರೆಟಿನಾ ಶಸ್ತ್ರಚಿಕಿತ್ಸೆ

ಸ್ಟಿಕ್ಲರ್ ಸಿಂಡ್ರೋಮ್ ಎಂಬ ಆನುವಂಶಿಕ ಕೊಲಾಜೆನ್ ಕಾಯಿಲೆ ಇರುವವರ ಕಣ್ಣಿನಲ್ಲಿ ರೆಟಿನಾ (ಅಕ್ಷಿಪಟಲ) ಸೀಳದಂತೆ ಮುಂಚಿತವಾಗಿ ಭದ್ರಪಡಿಸುವ, ಸೀಳಿ ಕಳಚಿದ್ದರೆ ಅದನ್ನು ಮತ್ತೆ ಸ್ವಸ್ಥಾನದಲ್ಲಿ ಕೂರಿಸುವ ಶಸ್ತ್ರಕ್ರಿಯೆಗಳ ಸಮೂಹ. ಕ್ರಯೋಥೆರಪಿ, ಲೇಸರ್, ಸ್ಕ್ಲೀರಲ್ ಬಕಲ್, ವಿಟ್ರೆಕ್ಟಮಿ ಹಾಗೂ ಕಣ್ಣಿನೊಳಗೆ ಅನಿಲ ಅಥವಾ ಸಿಲಿಕೋನ್ ಎಣ್ಣೆ ತುಂಬುವಿಕೆ ಇದರಲ್ಲಿ ಸೇರಿವೆ. ಮಕ್ಕಳಲ್ಲಿ ಆನುವಂಶಿಕ ಕಾರಣದಿಂದ ಉಂಟಾಗುವ ರೆಟಿನಾ ಕಳಚಿಕೆಯ ಪ್ರಮುಖ ಮೂಲಗಳಲ್ಲಿ ಸ್ಟಿಕ್ಲರ್ ಸಿಂಡ್ರೋಮ್ ಒಂದು. ಸುಮಾರು 7,500ರಿಂದ 9,000 ಜನನಗಳಿಗೆ ಒಂದರಂತೆ ಇದು ಕಂಡುಬರುತ್ತದೆಂದು ಅಂದಾಜು. ಕಾಯಿಲೆಯ ಮೂಲದೋಷವಿರುವುದು ಕಣ್ಣನ್ನು ತುಂಬಿರುವ ಲೋಳೆಯ ರಚನೆಯಲ್ಲಿ. ಆದ್ದರಿಂದ ಸಾಮಾನ್ಯ ರೆಟಿನಾ ಕಳಚಿಕೆಯ ಚಿಕಿತ್ಸಾ ಕ್ರಮಗಳನ್ನು ಇಲ್ಲಿ ಹಲವು ಮಾರ್ಪಾಡುಗಳೊಂದಿಗೆ ಬಳಸಲಾಗುತ್ತದೆ.

ಪಾರಿಭಾಷಿಕ ಪದಗಳು

ಮಸೂರಕ್ಕೂ ರೆಟಿನಾಕ್ಕೂ ನಡುವೆ ತುಂಬಿರುವ ಪಾರದರ್ಶಕ ಲೋಳೆ ಕಾಚರಸ. ರೆಟಿನಾದ ನರಪದರವು ತನ್ನ ಹಿಂದಿನ ವರ್ಣಕಕೋಶಗಳ ಪದರದಿಂದ ಬೇರ್ಪಡುವುದು ರೆಟಿನಾ ಕಳಚಿಕೆ. ಕಾಚರಸದ ಎಳೆತದಿಂದ ರೆಟಿನಾ ಹರಿದರೆ ಅದು ಸೀಳು. ಎಳೆತವಿಲ್ಲದೆ ತೆಳುವಾಗಿ ಸವೆದು ತೂತಾದರೆ ಅದು ರಂಧ್ರ. ಕಣ್ಣಿನ ಸುತ್ತಳತೆಯಲ್ಲಿ 90 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ವ್ಯಾಪಿಸಿದ ಸೀಳು ಬೃಹತ್ ಸೀಳು. ರೆಟಿನಾ ಮುಂಭಾಗದಲ್ಲಿ ಕೊನೆಗೊಳ್ಳುವ ಹಲ್ಲುಹಲ್ಲಾದ ಅಂಚು ಓರಾ ಸೆರಾಟಾ. ಸ್ಪಷ್ಟ ನೋಟಕ್ಕೆ ಆಧಾರವಾದ ರೆಟಿನಾದ ನಡುಭಾಗ ಮ್ಯಾಕ್ಯುಲ. ಕಣ್ಣುಗುಡ್ಡೆಯ ಹೊರಗಿನ ಬಿಳಿಯ ಗಟ್ಟಿ ಪದರ ಸ್ಕ್ಲೀರಾ.

ಕಾಯಿಲೆಯ ಗುರುತಿಸುವಿಕೆ

1965ರಲ್ಲಿ ಅಮೆರಿಕದ ಮಿನೆಸೋಟದ ಮೇಯೋ ಕ್ಲಿನಿಕ್‌ನಲ್ಲಿ ಮಕ್ಕಳ ತಜ್ಞರಾಗಿದ್ದ ಗುನ್ನರ್ ಸ್ಟಿಕ್ಲರ್ ಮತ್ತು ಸಂಗಡಿಗರು ಒಂದೇ ಕುಟುಂಬದ ಹಲವು ತಲೆಮಾರುಗಳಲ್ಲಿ ತೀವ್ರ ಸಮೀಪದೃಷ್ಟಿ, ರೆಟಿನಾ ಕಳಚಿಕೆಯಿಂದ ಬಂದ ಕುರುಡುತನ ಮತ್ತು ಕೀಲುಗಳ ಸವೆತ ಒಟ್ಟಿಗೇ ಕಾಣಿಸಿಕೊಂಡದ್ದನ್ನು ವರದಿ ಮಾಡಿದರು. ಅವರು ಇದನ್ನು ಆನುವಂಶಿಕವಾಗಿ ಬರುವ, ವಯಸ್ಸಿನೊಂದಿಗೆ ಹೆಚ್ಚುವ ಕೀಲು-ನೇತ್ರ ರೋಗವೆಂದು ಕರೆದರು. ಮುಂದೆ ಸೀಳಂಗುಳ, ಚಿಕ್ಕ ಕೆಳದವಡೆ, ಚಪ್ಪಟೆಯಾದ ಮುಖಮಧ್ಯ ಮತ್ತು ಶ್ರವಣದೋಷಗಳೂ ಇದರ ಲಕ್ಷಣಗಳೆಂದು ತಿಳಿದುಬಂತು.

1938ರಲ್ಲಿ ಸ್ವಿಟ್ಜರ್ಲೆಂಡಿನ ಹಾನ್ಸ್ ವಾಗ್ನರ್ ವರ್ಣಿಸಿದ ಕಾಚರಸದ ಕಾಯಿಲೆಯನ್ನೂ ಸ್ಟಿಕ್ಲರ್ ಸಿಂಡ್ರೋಮನ್ನೂ ಬಹುಕಾಲ ಒಂದೇ ಎಂದು ಎಣಿಸಲಾಗಿತ್ತು. ವಾಗ್ನರ್ ಕಾಯಿಲೆಗೆ ಕಾರಣ ವರ್ಸಿಕಾನ್ ಎಂಬ ಬೇರೊಂದು ಪ್ರೋಟೀನಿನ ವಂಶವಾಹಿ ಎಂದು ಗೊತ್ತಾದ ಮೇಲೆ ಎರಡೂ ಸ್ಪಷ್ಟವಾಗಿ ಬೇರೆಯಾದವು. ಸ್ಟಿಕ್ಲರ್ ಸಿಂಡ್ರೋಮ್‌ಗೆ ಕಾರಣವಾದ ರೂಪಾಂತರವನ್ನು ಸಿಒಎಲ್2ಎ1 ವಂಶವಾಹಿಯಲ್ಲಿ 1991ರಲ್ಲಿ, ಸಿಒಎಲ್11ಎ1 ವಂಶವಾಹಿಯಲ್ಲಿ 1996ರಲ್ಲಿ ಗುರುತಿಸಲಾಯಿತು.

ಕಾಚರಸ ಮತ್ತು ಕೊಲಾಜೆನ್

ವಯಸ್ಕರ ಕಣ್ಣಿನಲ್ಲಿ ಸುಮಾರು 4 ಮಿಲಿಲೀಟರ್ ಕಾಚರಸವಿರುತ್ತದೆ. ಅದರ ಬಹುಪಾಲು ನೀರು. ಆದರೂ ಅದು ಮೊಟ್ಟೆಯ ಬಿಳಿಯಂತೆ ಲೋಳೆಯಾಗಿ ನಿಲ್ಲುವುದು ಅತಿಸೂಕ್ಷ್ಮ ಕೊಲಾಜೆನ್ ಎಳೆಗಳ ಜಾಲ ಮತ್ತು ಆ ಎಳೆಗಳ ನಡುವೆ ನೀರನ್ನು ಹಿಡಿದಿಡುವ ಹಯಲುರೊನಾನ್ ಎಂಬ ಅಣುವಿನಿಂದ. ಈ ಎಳೆಗಳಲ್ಲಿ 2ನೇ ಬಗೆಯ ಕೊಲಾಜೆನ್ ಮುಖ್ಯ ಘಟಕ. 5 ಮತ್ತು 11ನೇ ಬಗೆಗಳ ಸರಪಣಿಗಳು ಸೇರಿ ಎಳೆಯ ತಿರುಳಾಗುತ್ತವೆ. 9ನೇ ಬಗೆಯದು ಎಳೆಯ ಮೇಲ್ಮೈಯಲ್ಲಿರುತ್ತದೆ. ಮೃದ್ವಸ್ಥಿ ಮತ್ತು ಒಳಕಿವಿಯಲ್ಲಿಯೂ ಇವೇ ಕೊಲಾಜೆನ್‌ಗಳಿವೆ. ಒಂದೇ ವಂಶವಾಹಿಯ ದೋಷದಿಂದ ಕಣ್ಣು, ಕೀಲು, ಕಿವಿ ಮೂರೂ ಬಾಧಿತವಾಗುವುದು ಈ ಕಾರಣದಿಂದ.

ಸಿಒಎಲ್2ಎ1 ವಂಶವಾಹಿಯಲ್ಲಿ ಸ್ಟಿಕ್ಲರ್ ಸಿಂಡ್ರೋಮ್ ಉಂಟುಮಾಡುವ ಹೆಚ್ಚಿನ ರೂಪಾಂತರಗಳು ಪ್ರೋಟೀನ್ ತಯಾರಿಕೆಯನ್ನು ಅರ್ಧದಲ್ಲೇ ನಿಲ್ಲಿಸುವಂಥವು. ಇದರಿಂದ ಒಂದು ಪ್ರತಿ ನಿಷ್ಕ್ರಿಯವಾಗಿ, ಉಳಿದ ಒಂದೇ ಪ್ರತಿಯಿಂದ 2ನೇ ಬಗೆಯ ಕೊಲಾಜೆನ್ ಸುಮಾರು ಅರ್ಧದಷ್ಟು ಮಾತ್ರ ತಯಾರಾಗುತ್ತದೆ. ಈ ವಂಶವಾಹಿಯ ಎರಡನೆಯ ಎಕ್ಸಾನ್ (ಪ್ರೋಟೀನಿನ ಸಂಕೇತವಿರುವ ತುಣುಕು) ಕಣ್ಣಿನ ಕೊಲಾಜೆನ್‌ನಲ್ಲಿ ಬಳಕೆಯಾಗುತ್ತದೆ, ಪ್ರೌಢ ಮೃದ್ವಸ್ಥಿಯ ಕೊಲಾಜೆನ್‌ನಲ್ಲಿ ಆಗುವುದಿಲ್ಲ. ಆದುದರಿಂದ ಆ ಎಕ್ಸಾನ್‌ನಲ್ಲಿ ರೂಪಾಂತರವಿರುವವರಲ್ಲಿ ಕೀಲು, ಅಂಗುಳ, ಕಿವಿಗಳ ದೋಷ ಅತ್ಯಲ್ಪವಾಗಿದ್ದು ಕಣ್ಣಿನ ತೊಂದರೆಯೇ ಪ್ರಧಾನವಾಗಿರಬಹುದು. ಹೊರಲಕ್ಷಣಗಳಿಲ್ಲದ ಇಂಥವರಲ್ಲಿ ರೆಟಿನಾ ಕಳಚುವ ತನಕ ಕಾಯಿಲೆ ಗಮನಕ್ಕೆ ಬಾರದಿರುವ ಸಂಭವವುಂಟು.

ಬಗೆಗಳು

ವಂಶವಾಹಿ ಮತ್ತು ಕಾಚರಸದ ಸ್ವರೂಪವನ್ನು ಆಧರಿಸಿ ಕಾಯಿಲೆಯನ್ನು ವಿಂಗಡಿಸಲಾಗುತ್ತದೆ.

1ನೇ ಬಗೆ: ಸಿಒಎಲ್2ಎ1 ದೋಷದಿಂದ ಬರುವ ಇದು ಅತ್ಯಂತ ಸಾಮಾನ್ಯ. ಕಾಚರಸ ಪೂರ್ತಿ ಬೆಳೆಯದೆ ಮಸೂರದ ಹಿಂದೆ ಮಡಿಕೆಬಿದ್ದ ಪೊರೆಯಿಂದ ಸುತ್ತುವರಿದ ತುಣುಕಾಗಿ ಉಳಿದಿರುತ್ತದೆ. ಬೃಹತ್ ಸೀಳು ಮತ್ತು ರೆಟಿನಾ ಕಳಚಿಕೆಯ ಅಪಾಯ ಈ ಬಗೆಯಲ್ಲಿ ಅತಿ ಹೆಚ್ಚು.

2ನೇ ಬಗೆ: ಸಿಒಎಲ್11ಎ1 ದೋಷದಿಂದ ಬರುತ್ತದೆ. ಕಾಚರಸದ ಎಳೆಗಳು ವಿರಳವಾಗಿ, ಅಲ್ಲಲ್ಲಿ ಉಬ್ಬಿ ಮಣಿಪೋಣಿಸಿದಂತೆ ತೋರುತ್ತವೆ. ಶ್ರವಣದೋಷ 1ನೇ ಬಗೆಗಿಂತ ಹೆಚ್ಚು ಎದ್ದುಕಾಣುತ್ತದೆ. ರೆಟಿನಾ ಕಳಚಿಕೆಯ ಅಪಾಯ ಇಲ್ಲಿಯೂ ಗಣನೀಯ.

ಕಣ್ಣು ಬಾಧಿತವಾಗದ ಬಗೆ: ಸಿಒಎಲ್11ಎ2 ದೋಷದಿಂದ ಬರುತ್ತದೆ. ಈ ವಂಶವಾಹಿಯ ಸರಪಣಿಯ ಸ್ಥಾನದಲ್ಲಿ ಕಾಚರಸವು 5ನೇ ಬಗೆಯ ಸರಪಣಿಯನ್ನು ಬಳಸುವುದರಿಂದ ಕಣ್ಣು ಸಹಜವಾಗಿರುತ್ತದೆ. ರೆಟಿನಾ ಶಸ್ತ್ರಚಿಕಿತ್ಸೆಯ ಅಗತ್ಯ ಬರುವುದಿಲ್ಲ.

ದುರ್ಬಲ ಅನುವಂಶೀಯತೆಯ ಬಗೆಗಳು: ಸಿಒಎಲ್9ಎ1, ಸಿಒಎಲ್9ಎ2, ಸಿಒಎಲ್9ಎ3 ವಂಶವಾಹಿಗಳ ಎರಡೂ ಪ್ರತಿಗಳಲ್ಲಿ ದೋಷವಿದ್ದಾಗ ಕಾಣಿಸಿಕೊಳ್ಳುತ್ತವೆ. ಇವು ಅತಿ ವಿರಳ.

1 ಮತ್ತು 2ನೇ ಬಗೆಗಳು ಪ್ರಬಲ ಅನುವಂಶೀಯತೆಯವು. ತಂದೆ ಅಥವಾ ತಾಯಿಯಲ್ಲಿ ಕಾಯಿಲೆಯಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಶೇ. 50. ತಂದೆ-ತಾಯಿಯರಲ್ಲಿ ಇಲ್ಲದೆ ಮಗುವಿನಲ್ಲಿ ಹೊಸದಾಗಿ ರೂಪಾಂತರ ಉಂಟಾಗುವುದೂ ಇದೆ. ದುರ್ಬಲ ಬಗೆಗಳು ರಕ್ತಸಂಬಂಧದ ಮದುವೆಗಳಿರುವ ಕುಟುಂಬಗಳಲ್ಲಿ ಕಾಣಿಸಿಕೊಳ್ಳುವ ಸಂಭವ ಹೆಚ್ಚು. ಸೋದರಮಾವ-ಸೊಸೆ ಹಾಗೂ ಸೋದರತ್ತೆ-ಸೋದರಮಾವನ ಮಕ್ಕಳ ನಡುವಣ ಮದುವೆಗಳು ರೂಢಿಯಲ್ಲಿರುವ ಕರ್ನಾಟಕ ಸೇರಿದಂತೆ ದಕ್ಷಿಣ ಭಾರತದಲ್ಲಿ ಆನುವಂಶಿಕ ಸಲಹೆ ನೀಡುವಾಗ ಈ ಅಂಶವನ್ನು ಪರಿಗಣಿಸಲಾಗುತ್ತದೆ.

ರೆಟಿನಾ ಕಳಚುವ ಕ್ರಮ

ಸ್ಟಿಕ್ಲರ್ ಸಿಂಡ್ರೋಮ್‌ನಲ್ಲಿ ಸಮೀಪದೃಷ್ಟಿ ಸಾಮಾನ್ಯವಾಗಿ ಹುಟ್ಟಿನಿಂದಲೇ ಇರುತ್ತದೆ. ಕಣ್ಣುಗುಡ್ಡೆ ಉದ್ದವಾಗಿದ್ದು ರೆಟಿನಾ ತೆಳುವಾಗಿ ಹರಡಿರುತ್ತದೆ. ಕಾಚರಸದ ನಡುಭಾಗ ನೀರಾಗಿದ್ದರೂ ಅಂಚಿನಲ್ಲಿ ಅದು ರೆಟಿನಾಕ್ಕೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ರಕ್ತನಾಳಗಳ ಗುಂಟ ಹಿಂದಕ್ಕೆ ಚಾಚಿದ, ವರ್ಣಕ ಸೇರಿದ ಲ್ಯಾಟಿಸ್ ಎಂಬ ಸವೆತದ ಪಟ್ಟಿಗಳು ಈ ಕಾಯಿಲೆಯ ವಿಶಿಷ್ಟ ಗುರುತು. ಕಾಚರಸ ಕುಗ್ಗಿ ಎಳೆದಾಗ ಓರಾ ಸೆರಾಟಾದ ಸ್ವಲ್ಪ ಹಿಂದೆ ಸುತ್ತಳತೆಯ ಗುಂಟ ಬೃಹತ್ ಸೀಳು ಉಂಟಾಗಬಹುದು. ಲ್ಯಾಟಿಸ್ ಪಟ್ಟಿಗಳ ಬಳಿ ಹಲವು ಸಣ್ಣ ಸೀಳುಗಳೂ ಬೀಳಬಹುದು. ದ್ರವವು ಸೀಳಿನ ಮೂಲಕ ರೆಟಿನಾದ ಹಿಂದೆ ನುಗ್ಗಿ ಅದನ್ನು ಮೇಲೆತ್ತುತ್ತದೆ. ಬೆಳಕನ್ನು ಗ್ರಹಿಸುವ ಕೋಶಗಳು ಕೊರಾಯ್ಡ್ ಪದರದ ರಕ್ತಪೂರೈಕೆಯಿಂದ ದೂರವಾಗುವುದರಿಂದ, ಮ್ಯಾಕ್ಯುಲ ಕಳಚಿ ದಿನ ಕಳೆದಂತೆ ದೃಷ್ಟಿ ಮರಳುವ ಸಾಧ್ಯತೆ ಕುಗ್ಗುತ್ತದೆ.

ಮಿಂಚು ಹೊಡೆದಂತಾಗುವುದು, ತೇಲುವ ಚುಕ್ಕೆಗಳು ಹಠಾತ್ತನೆ ಹೆಚ್ಚುವುದು, ನೋಟದ ಒಂದು ಬದಿಗೆ ಪರದೆ ಇಳಿದಂತಾಗುವುದು ಕಳಚಿಕೆಯ ಲಕ್ಷಣಗಳು. ಚಿಕ್ಕ ಮಕ್ಕಳು, ಅದರಲ್ಲೂ ಶ್ರವಣದೋಷವಿರುವವರು, ಇವನ್ನು ಹೇಳಿಕೊಳ್ಳುವುದು ವಿರಳ. ಒಂದು ಕಣ್ಣು ಚೆನ್ನಾಗಿದ್ದರೆ ಇನ್ನೊಂದರ ದೃಷ್ಟಿ ಹೋದದ್ದು ಮಗುವಿಗೇ ತಿಳಿಯದಿರಬಹುದು. ಹೀಗಾಗಿ ಎಷ್ಟೋ ಮಕ್ಕಳು ಚಿಕಿತ್ಸೆಗೆ ಬರುವ ಹೊತ್ತಿಗೆ ಮ್ಯಾಕ್ಯುಲ ಕಳಚಿರುತ್ತದೆ. ಎರಡೂ ಕಣ್ಣುಗಳು ಒಂದಾದ ಮೇಲೊಂದು ಬಾಧಿತವಾಗುವುದು ಈ ಕಾಯಿಲೆಯಲ್ಲಿ ಸಾಮಾನ್ಯ.

ಶಸ್ತ್ರಚಿಕಿತ್ಸೆಯ ಇತಿಹಾಸ

ಸೀಳನ್ನು ಮುಚ್ಚಿದರೆ ಮಾತ್ರ ಕಳಚಿದ ರೆಟಿನಾ ಕೂರುತ್ತದೆಂಬ ತತ್ತ್ವವನ್ನು ಸ್ಥಾಪಿಸಿದವರು ಸ್ವಿಟ್ಜರ್ಲೆಂಡಿನ ಲೊಸಾನ್‌ನ ಜೂಲ್ಸ್ ಗೋನಿನ್. 20ನೇ ಶತಮಾನದ ಮೊದಲ ದಶಕಗಳಲ್ಲಿ ಅವರು ಕಾದ ಉಪಕರಣದಿಂದ ಸೀಳನ್ನು ಸುಟ್ಟು ಮುಚ್ಚುವ ವಿಧಾನವನ್ನು ರೂಢಿಸಿದರು. 1949ರಲ್ಲಿ ಜರ್ಮನಿಯ ಅರ್ನ್ಸ್ಟ್ ಕುಸ್ಟೋಡಿಸ್ ಸ್ಕ್ಲೀರಾದ ಮೇಲೆ ವಸ್ತುವೊಂದನ್ನು ಹೊಲಿದು ಕಣ್ಣಿನ ಗೋಡೆಯನ್ನು ಒಳಕ್ಕೆ ಒತ್ತುವ ಕ್ರಮವನ್ನು ಆರಂಭಿಸಿದರು. 1950ರ ದಶಕದಲ್ಲಿ ಬಾಸ್ಟನ್‌ನ ಚಾರ್ಲ್ಸ್ ಶೆಪೆನ್ಸ್ ಕಣ್ಣನ್ನು ಪೂರ್ತಿ ಸುತ್ತುವ ಪಟ್ಟಿಯನ್ನು ಬಳಕೆಗೆ ತಂದರು. 1960ರ ದಶಕದಲ್ಲಿ ಹಾರ್ವೆ ಲಿಂಕಾಫ್ ಅವರಿಂದ ಕ್ರಯೋಥೆರಪಿಯೂ ಪಾಲ್ ಸಿಬಿಸ್ ಅವರಿಂದ ಸಿಲಿಕೋನ್ ಎಣ್ಣೆಯೂ ರೆಟಿನಾ ಚಿಕಿತ್ಸೆಯಲ್ಲಿ ಪ್ರಚಾರಕ್ಕೆ ಬಂದವು.

1970ರಲ್ಲಿ ಮಯಾಮಿಯ ರಾಬರ್ಟ್ ಮಾಕೆಮರ್ ಕಣ್ಣಿನಲ್ಲಿ ಓರಾ ಸೆರಾಟಾದ ಮುಂದಿರುವ ಪಾರ್ಸ್ ಪ್ಲಾನಾ ಭಾಗದ ಮೂಲಕ ಉಪಕರಣ ತೂರಿಸಿ ಕಾಚರಸವನ್ನು ಕತ್ತರಿಸಿ ಹೀರಿ ತೆಗೆಯುವ ವಿಟ್ರೆಕ್ಟಮಿಯನ್ನು ನಡೆಸಿದರು. 1980ರ ದಶಕದಲ್ಲಿ ನ್ಯೂಯಾರ್ಕ್‌ನ ಸ್ಟ್ಯಾನ್ಲಿ ಚಾಂಗ್ ಬಳಕೆಗೆ ತಂದ ಪರ್‌ಫ್ಲೋರೋಕಾರ್ಬನ್ ದ್ರವಗಳು ಬೃಹತ್ ಸೀಳಿನ ಚಿಕಿತ್ಸೆಯನ್ನು ಬದಲಿಸಿದವು. ಅದುವರೆಗೆ, ಮಗುಚಿಬಿದ್ದ ರೆಟಿನಾವನ್ನು ಬಿಡಿಸಲು ರೋಗಿಯನ್ನೇ ಮೇಜಿನ ಮೇಲೆ ಬೋರಲಾಗಿ ತಿರುಗಿಸಬೇಕಾಗುತ್ತಿತ್ತು.

ಪರೀಕ್ಷೆ ಮತ್ತು ಪೂರ್ವಸಿದ್ಧತೆ

ಸ್ಲಿಟ್‌ಲ್ಯಾಂಪ್ ಪರೀಕ್ಷೆಯಿಂದ ಕಾಚರಸದ ಸ್ವರೂಪವನ್ನು ಗುರುತಿಸಿ ಬಗೆಯನ್ನು ಊಹಿಸಬಹುದು; ವಂಶವಾಹಿ ಪರೀಕ್ಷೆ ಅದನ್ನು ಖಚಿತಪಡಿಸುತ್ತದೆ. ಪಾಪೆ ಹಿಗ್ಗಿಸಿ, ಸ್ಕ್ಲೀರಾವನ್ನು ಹೊರಗಿನಿಂದ ಒತ್ತಿ, ಓರಾ ಸೆರಾಟಾದ ತನಕ ರೆಟಿನಾವನ್ನು ಪರೀಕ್ಷಿಸುವುದು ಅಗತ್ಯ. ಚಿಕ್ಕ ಮಕ್ಕಳಲ್ಲಿ ಇದನ್ನು ಪೂರ್ಣ ಅರಿವಳಿಕೆಯಲ್ಲಿ ಮಾಡಲಾಗುತ್ತದೆ. ಕಣ್ಣಿನ ಪೊರೆ ಅಥವಾ ರಕ್ತಸ್ರಾವದಿಂದ ಒಳನೋಟ ಸಿಗದಿದ್ದರೆ ಬಿ-ಸ್ಕ್ಯಾನ್ ಅಲ್ಟ್ರಾಸೌಂಡ್ ಬಳಸುತ್ತಾರೆ. ಮ್ಯಾಕ್ಯುಲದ ಸ್ಥಿತಿಯನ್ನು ರೆಟಿನಾದ ಪದರಗಳನ್ನು ತೋರಿಸುವ ಓಸಿಟಿ ಚಿತ್ರಣ ತಿಳಿಸುತ್ತದೆ.

ಅರಿವಳಿಕೆಯಲ್ಲಿ ವಿಶೇಷ ಎಚ್ಚರ ಬೇಕು. ಈ ಮಕ್ಕಳಲ್ಲಿ ಹಲವರಿಗೆ ಪಿಯರ್ ರಾಬಿನ್ ಸರಣಿ ಇರುತ್ತದೆ. ಕೆಳದವಡೆ ಚಿಕ್ಕದಾಗಿ ನಾಲಿಗೆ ಹಿಂದಕ್ಕೆ ಸರಿದು ಅಂಗುಳ ಸೀಳಿರುವುದು ಅದರ ಲಕ್ಷಣ. ಇದರಿಂದ ಶ್ವಾಸನಾಳಕ್ಕೆ ನಳಿಕೆ ಹಾಕುವುದು ಕಷ್ಟವಾಗಬಹುದಾದ ಕಾರಣ ಅನುಭವಿ ಅರಿವಳಿಕೆ ತಜ್ಞರೂ ತಕ್ಕ ಉಪಕರಣಗಳೂ ಮೊದಲೇ ಸಿದ್ಧವಿರಬೇಕು.

ಶಸ್ತ್ರಚಿಕಿತ್ಸೆಯ ವಿಧಗಳು

ಮುಂಜಾಗ್ರತಾ ಚಿಕಿತ್ಸೆ: ರೆಟಿನಾ ಇನ್ನೂ ಕಳಚದಿರುವಾಗಲೇ, ಬೃಹತ್ ಸೀಳು ಬೀಳುವ ಜಾಗವನ್ನು ಹಿಂದಿನ ಪದರಕ್ಕೆ ಬೆಸೆದು ಭದ್ರಪಡಿಸುವುದು ಇದರ ಉದ್ದೇಶ. ಇಂಗ್ಲೆಂಡಿನ ಕೇಂಬ್ರಿಜ್‌ನ ಆ್ಯಡೆನ್‌ಬ್ರೂಕ್ಸ್ ಆಸ್ಪತ್ರೆಯಲ್ಲಿ ರೂಪುಗೊಂಡ ಕೇಂಬ್ರಿಜ್ ವಿಧಾನದಲ್ಲಿ ಅರಿವಳಿಕೆ ನೀಡಿ, ಕಣ್ಣಿನ ಹೊರಗಿನಿಂದ ಕ್ರಯೋಥೆರಪಿ ಉಪಕರಣವಿಟ್ಟು, ಓರಾ ಸೆರಾಟಾದ ಹಿಂದಂಚಿಗೆ 360 ಡಿಗ್ರಿಯೂ ಬಿಡುವಿಲ್ಲದಂತೆ ಒಂದು ಸಾಲು ಹೆಪ್ಪುಗಟ್ಟಿಸಲಾಗುತ್ತದೆ. ಮಾಯುವಾಗ ಆ ಸಾಲಿನ ಗುಂಟ ರೆಟಿನಾ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. 2014ರಲ್ಲಿ ಈ ತಂಡ 1ನೇ ಬಗೆಯ 487 ರೋಗಿಗಳ ದಾಖಲೆಗಳನ್ನು ಪ್ರಕಟಿಸಿತು. ಚಿಕಿತ್ಸೆಯಿಲ್ಲದ ಗುಂಪಿನಲ್ಲಿ ಶೇ. 53.6 ಮಂದಿಗೆ, ಎರಡೂ ಕಣ್ಣಿಗೆ ಚಿಕಿತ್ಸೆ ಪಡೆದ ಗುಂಪಿನಲ್ಲಿ ಶೇ. 8.3 ಮಂದಿಗೆ ರೆಟಿನಾ ಕಳಚಿತ್ತು. ಇದು ಹಿಂದಿನ ದಾಖಲೆಗಳ ಹೋಲಿಕೆ. ಯಾದೃಚ್ಛಿಕ ನಿಯಂತ್ರಿತ ಪ್ರಯೋಗವಲ್ಲ. ಬೇರೆ ಕೆಲವು ಕೇಂದ್ರಗಳು ಕ್ರಯೋಥೆರಪಿಯ ಬದಲು 360 ಡಿಗ್ರಿ ಲೇಸರ್ ಬಳಸುತ್ತವೆ. ಲೇಸರ್ ಪಟ್ಟಿಯು ಓರಾ ಸೆರಾಟಾದ ತನಕ ತಲುಪದಿದ್ದರೆ ಪಟ್ಟಿಯ ಮುಂದೆ ಉಳಿದ ರೆಟಿನಾದಲ್ಲಿ ಸೀಳು ಬೀಳುವ ಸಂಭವ ಇರುತ್ತದೆ. ಈ ಚಿಕಿತ್ಸೆ ಬೃಹತ್ ಸೀಳಿನ ಅಪಾಯವನ್ನು ತಗ್ಗಿಸುತ್ತದೆಯೇ ಹೊರತು ಹಿಂಭಾಗದ ಲ್ಯಾಟಿಸ್ ಬಳಿಯ ಸೀಳುಗಳನ್ನು ಪೂರ್ತಿ ತಡೆಯುವುದಿಲ್ಲ. ಆದುದರಿಂದ ನಿಯಮಿತ ತಪಾಸಣೆ ಮುಂದುವರಿಯಬೇಕು.

ಸ್ಕ್ಲೀರಲ್ ಬಕಲ್: ಸಿಲಿಕೋನ್ ಪಟ್ಟಿ ಅಥವಾ ಸ್ಪಂಜನ್ನು ಸ್ಕ್ಲೀರಾಕ್ಕೆ ಹೊಲಿದು ಕಣ್ಣಿನ ಗೋಡೆಯನ್ನು ಒಳಕ್ಕೆ ಒತ್ತಲಾಗುತ್ತದೆ. ಇದರಿಂದ ಕಾಚರಸದ ಎಳೆತ ಸಡಿಲಗೊಂಡು ಸೀಳು ಹಿಂದಿನ ಪದರಕ್ಕೆ ತಾಗುತ್ತದೆ; ಸೀಳಿನ ಸುತ್ತ ಕ್ರಯೋಥೆರಪಿ ಅಥವಾ ಲೇಸರ್‌ನಿಂದ ಬೆಸುಗೆ ಮೂಡಿಸುತ್ತಾರೆ. ಮಸೂರ ಸ್ವಚ್ಛವಾಗಿರುವ, ಸೀಳುಗಳು ಚಿಕ್ಕದಾಗಿ ಮುಂಭಾಗದಲ್ಲಿರುವ ಮಕ್ಕಳಲ್ಲಿ ಇದು ಉಪಯುಕ್ತ. ಕಾಚರಸವನ್ನು ಮುಟ್ಟದೆ ಮಾಡಬಹುದೆಂಬುದು ಇದರ ಅನುಕೂಲ. ಕಣ್ಣನ್ನು ಸುತ್ತುವ ಪಟ್ಟಿ ಸಮೀಪದೃಷ್ಟಿಯನ್ನು ಇನ್ನಷ್ಟು ಹೆಚ್ಚಿಸಬಲ್ಲದು. ಕಣ್ಣು ಬೆಳೆಯುತ್ತಿರುವ ಶಿಶುಗಳಲ್ಲಿ ಪಟ್ಟಿಯನ್ನು ಮುಂದೆ ಕತ್ತರಿಸಬೇಕಾಗಿ ಬರಬಹುದು.

ವಿಟ್ರೆಕ್ಟಮಿ: ಬೃಹತ್ ಸೀಳು, ಹಿಂಭಾಗದ ಸೀಳು ಅಥವಾ ರೆಟಿನಾದ ಮೇಲೆ ಗಾಯದ ಪೊರೆ ಇದ್ದಾಗ ಈ ವಿಧಾನ ಬೇಕಾಗುತ್ತದೆ. ವಯಸ್ಕರಲ್ಲಿ ಕಾರ್ನಿಯಾದ ಅಂಚಿನಿಂದ 3.5ರಿಂದ 4 ಮಿಲಿಮೀಟರ್ ಹಿಂದೆ ಮೂರು ಸಣ್ಣ ದ್ವಾರಗಳನ್ನು ಮಾಡಿ ದ್ರವ, ಬೆಳಕು ಮತ್ತು ಕತ್ತರಿಸುವ ಉಪಕರಣಗಳನ್ನು ಒಳಬಿಡುತ್ತಾರೆ. ಶಿಶುಗಳಲ್ಲಿ ಪಾರ್ಸ್ ಪ್ಲಾನಾ ಬೆಳೆದಿರದ ಕಾರಣ ದ್ವಾರಗಳನ್ನು ಇನ್ನೂ ಮುಂದೆ ಮಾಡಬೇಕಾಗುತ್ತದೆ. ಇಂದು 23, 25 ಮತ್ತು 27 ಗೇಜ್‌ನ ಉಪಕರಣಗಳು ಬಳಕೆಯಲ್ಲಿವೆ. ಸ್ಟಿಕ್ಲರ್ ಕಣ್ಣಿನಲ್ಲಿ ಮಧ್ಯದ ಕಾಚರಸ ಸುಲಭವಾಗಿ ಹೊರಬರುತ್ತದೆ. ರೆಟಿನಾದ ಮೈಗೆ ಹಾಳೆಯಾಗಿ ಅಂಟಿದ ಹೊರಪದರವನ್ನು ಬಿಡಿಸುವುದೇ ಕಠಿಣ ಘಟ್ಟ. ಪಾರದರ್ಶಕವಾದ ಈ ಪದರ ಕಾಣುವಂತೆ ಮಾಡಲು ಟ್ರಯಾಮ್ಸಿನೊಲೋನ್ ಎಂಬ ಬಿಳಿಯ ಔಷಧಕಣಗಳನ್ನು ಚೆಲ್ಲುತ್ತಾರೆ. ಪದರ ಉಳಿದರೆ ಮುಂದೆ ಗಾಯದ ಪೊರೆ ಬೆಳೆಯಲು ಅದು ಆಧಾರವಾಗುತ್ತದೆ. ಬಲವಂತವಾಗಿ ಎಳೆದರೆ ಹೊಸ ಸೀಳು ಬೀಳುತ್ತದೆ.

ಬೃಹತ್ ಸೀಳಿನ ದುರಸ್ತಿ: ಬೃಹತ್ ಸೀಳಿನಲ್ಲಿ ರೆಟಿನಾದ ಹಿಂದಂಚು ಮಗುಚಿ ತನ್ನ ಮೇಲೇ ಮಡಚಿಕೊಳ್ಳಬಹುದು. ನೀರಿಗಿಂತ ಸುಮಾರು ಎರಡು ಪಟ್ಟು ಭಾರವಾದ ಪರ್‌ಫ್ಲೋರೋಕಾರ್ಬನ್ ದ್ರವವನ್ನು ದೃಷ್ಟಿನರದ ಮೇಲಿನಿಂದ ನಿಧಾನವಾಗಿ ತುಂಬಿದಾಗ ರೆಟಿನಾ ಹಿಂದಿನಿಂದ ಮುಂದಕ್ಕೆ ಬಿಚ್ಚಿಕೊಂಡು ಸಮನಾಗಿ ಕೂರುತ್ತದೆ. ಅನಂತರ ಸೀಳಿನ ಅಂಚಿಗೆ ಹಲವು ಸಾಲು ಲೇಸರ್ ಹಾಕುತ್ತಾರೆ. ಭಾರದ್ರವವನ್ನು ತೆಗೆದು ಎಣ್ಣೆ ಅಥವಾ ಅನಿಲ ತುಂಬುವ ಘಟ್ಟದಲ್ಲಿ ನೀರಿನ ಅಂಶ ಉಳಿದರೆ ರೆಟಿನಾ ಹಿಂದಕ್ಕೆ ಜಾರುತ್ತದೆ. ಇದನ್ನು ತಪ್ಪಿಸಲು ಭಾರದ್ರವವನ್ನು ನೇರವಾಗಿ ಸಿಲಿಕೋನ್ ಎಣ್ಣೆಗೆ ಬದಲಿಸುವುದು ರೂಢಿ.

ಒಳತುಂಬುವಿಕೆ: ಬೆಸುಗೆ ಗಟ್ಟಿಯಾಗುವ ತನಕ ಸೀಳಿನೊಳಗೆ ದ್ರವ ನುಗ್ಗದಂತೆ ತಡೆಯಲು ಅನಿಲ ಅಥವಾ ಎಣ್ಣೆ ತುಂಬಲಾಗುತ್ತದೆ. ಸಲ್ಫರ್ ಹೆಕ್ಸಾಫ್ಲೋರೈಡ್ ಸುಮಾರು ಎರಡು ವಾರ, ಪರ್‌ಫ್ಲೋರೋಪ್ರೊಪೇನ್ ಸುಮಾರು ಆರರಿಂದ ಎಂಟು ವಾರ ಕಣ್ಣಿನಲ್ಲಿದ್ದು ತಾನೇ ಕರಗುತ್ತದೆ. ಸಿಲಿಕೋನ್ ಎಣ್ಣೆ ಕರಗದ ಕಾರಣ ಸಾಮಾನ್ಯವಾಗಿ ಕೆಲವು ತಿಂಗಳ ನಂತರ ಇನ್ನೊಂದು ಶಸ್ತ್ರಕ್ರಿಯೆಯಲ್ಲಿ ಅದನ್ನು ತೆಗೆಯಬೇಕಾಗುತ್ತದೆ. ತಲೆಯ ಭಂಗಿಯನ್ನು ಕಾಯ್ದುಕೊಳ್ಳಲಾಗದ ಮಕ್ಕಳಿಗೆ ಎಣ್ಣೆಯೇ ಹೆಚ್ಚು ಬಳಕೆಯಲ್ಲಿದೆ. ಎಣ್ಣೆ ನೀರಿಗಿಂತ ಹಗುರವಾಗಿ ತೇಲುವುದರಿಂದ ರೆಟಿನಾದ ಕೆಳಭಾಗಕ್ಕೆ ಅದರ ಆಸರೆ ಕಡಿಮೆ. ಕೆಳಭಾಗದಲ್ಲಿ ಸೀಳುಗಳಿದ್ದರೆ ಸುತ್ತುಪಟ್ಟಿಯನ್ನೂ ಸೇರಿಸುವುದುಂಟು.

ತೊಡಕುಗಳು

ಶಸ್ತ್ರಚಿಕಿತ್ಸೆ ವಿಫಲವಾಗಲು ಮುಖ್ಯ ಕಾರಣ ಪ್ರೊಲಿಫರೇಟಿವ್ ವಿಟ್ರಿಯೋರೆಟಿನೋಪತಿ ಎಂಬ ಗಾಯದ ಪೊರೆಯ ಬೆಳವಣಿಗೆ. ಸೀಳಿನ ಮೂಲಕ ಹೊರಬಿದ್ದ ವರ್ಣಕಕೋಶಗಳು ರೆಟಿನಾದ ಮೇಲೂ ಹಿಂದೂ ಬೆಳೆದು ಕುಗ್ಗಿ ಅದನ್ನು ಮತ್ತೆ ಕಳಚುತ್ತವೆ. ದೊಡ್ಡ ಸೀಳು, ತಡವಾದ ಪತ್ತೆ ಮತ್ತು ಎಳೆಯ ವಯಸ್ಸು ಇದರ ಸಂಭವವನ್ನು ಹೆಚ್ಚಿಸುತ್ತವೆ. ಈ ಕಾರಣದಿಂದ ಹಲವರಿಗೆ ಒಂದಕ್ಕಿಂತ ಹೆಚ್ಚು ಶಸ್ತ್ರಕ್ರಿಯೆಗಳು ಬೇಕಾಗುತ್ತವೆ. ಕಣ್ಣಿನ ಪೊರೆ, ಗ್ಲಾಕೋಮಾ, ಎಣ್ಣೆ ಸಣ್ಣ ಹನಿಗಳಾಗಿ ಒಡೆದು ಕಣ್ಣಿನ ಮುಂಭಾಗಕ್ಕೆ ಬರುವುದು, ಸೋಂಕು ಮತ್ತು ಕಣ್ಣುಗುಡ್ಡೆಯ ಕುಗ್ಗುವಿಕೆ ಇತರ ತೊಡಕುಗಳು. ಕಾಯಿಲೆಯಿಂದಲೇ ಕಣ್ಣಿನ ಪೊರೆಯೂ ಗ್ಲಾಕೋಮಾವೂ ಬರಬಹುದಾದ್ದರಿಂದ ಶಸ್ತ್ರಚಿಕಿತ್ಸೆಗೆ ಮುಂಚೆಯೂ ಅನಂತರವೂ ಇವುಗಳ ತಪಾಸಣೆ ನಡೆಯಬೇಕು.

ಶಸ್ತ್ರಚಿಕಿತ್ಸೆಯ ನಂತರದ ಆರೈಕೆ

ಕಣ್ಣಿನಲ್ಲಿ ಅನಿಲವಿರುವ ತನಕ ವಿಮಾನಯಾನ ನಿಷಿದ್ಧ. ಹೊರಗಿನ ಒತ್ತಡ ಇಳಿದಂತೆ ಅನಿಲ ಹಿಗ್ಗಿ ಕಣ್ಣಿನ ಒತ್ತಡ ಅಪಾಯಕರವಾಗಿ ಏರುತ್ತದೆ. ಘಟ್ಟ ಹತ್ತುವ ಪ್ರಯಾಣಕ್ಕೂ ಇದೇ ಎಚ್ಚರ ಅನ್ವಯಿಸುತ್ತದೆ: ಕರಾವಳಿಯ ಮಂಗಳೂರಿನಿಂದ ಸಮುದ್ರಮಟ್ಟಕ್ಕಿಂತ 1,100 ಮೀಟರಿಗೂ ಎತ್ತರದಲ್ಲಿರುವ ಮಡಿಕೇರಿಗೆ ಹೋಗುವವರು ಮೊದಲು ವೈದ್ಯರ ಅನುಮತಿ ಪಡೆಯಬೇಕು. ಈ ಅವಧಿಯಲ್ಲಿ ಬೇರಾವ ಶಸ್ತ್ರಕ್ರಿಯೆಗೂ ನೈಟ್ರಸ್ ಆಕ್ಸೈಡ್ ಅರಿವಳಿಕೆ ನೀಡಬಾರದು.

ಏಳೆಂಟು ವರ್ಷದೊಳಗಿನ ಮಕ್ಕಳಲ್ಲಿ ರೆಟಿನಾ ಕೂತರೂ ಕಣ್ಣು ಮಂದದೃಷ್ಟಿಗೆ ಜಾರಬಹುದು. ಸರಿಯಾದ ಕನ್ನಡಕ ನೀಡುವುದು ಮತ್ತು ಒಳ್ಳೆಯ ಕಣ್ಣನ್ನು ದಿನದಲ್ಲಿ ನಿಗದಿತ ಹೊತ್ತು ಮುಚ್ಚಿ ಇನ್ನೊಂದಕ್ಕೆ ಕೆಲಸ ಕೊಡುವುದು ಇದಕ್ಕೆ ಚಿಕಿತ್ಸೆ. ಪೆಟ್ಟು ಬೀಳುವ ಆಟಗಳನ್ನು ತಪ್ಪಿಸಲು, ರಕ್ಷಣಾ ಕನ್ನಡಕ ಧರಿಸಲು ಸೂಚಿಸಲಾಗುತ್ತದೆ. ಒಂದೊಂದೇ ಕಣ್ಣನ್ನು ಮುಚ್ಚಿ ನೋಟವನ್ನು ಪರೀಕ್ಷಿಸಿಕೊಳ್ಳುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸುತ್ತಾರೆ.

ಸಂಬಂಧಿತ ಕಾಯಿಲೆಗಳು

ಸಿಒಎಲ್2ಎ1 ವಂಶವಾಹಿಯ ಬೇರೆ ರೂಪಾಂತರಗಳಿಂದ ಬರುವ ನೀಸ್ಟ್ ಡಿಸ್ಪ್ಲೇಸಿಯಾ ಹಾಗೂ ಬೆನ್ನುಮೂಳೆಯ ಬೆಳವಣಿಗೆಯನ್ನು ಕುಂಠಿಸುವ ಜನ್ಮಜಾತ ಡಿಸ್ಪ್ಲೇಸಿಯಾಗಳಲ್ಲಿಯೂ ರೆಟಿನಾ ಕಳಚಬಹುದು. ಸಿಒಎಲ್18ಎ1 ದೋಷದ ನಾಬ್ಲಾಕ್ ಸಿಂಡ್ರೋಮ್‌ನಲ್ಲಿ ತಲೆಬುರುಡೆಯ ಹಿಂಭಾಗದ ದೋಷದೊಂದಿಗೆ ತೀವ್ರ ಸಮೀಪದೃಷ್ಟಿ ಮತ್ತು ರೆಟಿನಾ ಕಳಚಿಕೆ ಇರುತ್ತವೆ. ಏಲರ್ಸ್-ಡಾನ್ಲೋಸ್ ಸಿಂಡ್ರೋಮ್‌ನ ಕೆಲವು ಬಗೆಗಳಲ್ಲಿ ಸ್ಕ್ಲೀರಾ ದುರ್ಬಲವಾಗಿರುವುದರಿಂದ ಬಕಲ್ ಹೊಲಿಗೆ ಅಪಾಯಕರ. ಮಾರ್ಫಾನ್ ಸಿಂಡ್ರೋಮ್‌ನಲ್ಲಿಯೂ ರೆಟಿನಾ ಕಳಚುವುದುಂಟು. ಅಲ್ಲಿ ದೋಷವಿರುವುದು ಫಿಬ್ರಿಲಿನ್ ಪ್ರೋಟೀನಿನಲ್ಲಿ, ಕೊಲಾಜೆನ್‌ನಲ್ಲಿ ಅಲ್ಲ.

ಸದ್ಯದ ಸ್ಥಿತಿ

ಬ್ರಿಟನ್ನಿನಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆಯ ಅಡಿಯಲ್ಲಿ 2011ರಿಂದ ಕೇಂಬ್ರಿಜ್‌ನಲ್ಲಿ ಸ್ಟಿಕ್ಲರ್ ಸಿಂಡ್ರೋಮ್‌ಗೆಂದೇ ಉನ್ನತ ಪರಿಣತ ಸೇವೆ ನಡೆಯುತ್ತಿದೆ. ನೇತ್ರ, ಶ್ರವಣ, ಕೀಲು ಮತ್ತು ತಳಿವಿಜ್ಞಾನದ ತಜ್ಞರು ಅಲ್ಲಿ ಒಟ್ಟಾಗಿ ರೋಗಿಯನ್ನು ಪರೀಕ್ಷಿಸುತ್ತಾರೆ. ಮುಂಜಾಗ್ರತಾ ಚಿಕಿತ್ಸೆಯನ್ನು ಎಲ್ಲರಿಗೂ ನೀಡಬೇಕೆ, ಯಾವ ವಯಸ್ಸಿನಲ್ಲಿ, ಕ್ರಯೋಥೆರಪಿಯೋ ಲೇಸರೋ ಎಂಬುದರಲ್ಲಿ ಜಗತ್ತಿನಾದ್ಯಂತ ಏಕರೂಪದ ಪದ್ಧತಿ ಇಲ್ಲ. ಕಾಯಿಲೆ ವಿರಳವಾಗಿರುವುದು ಮತ್ತು ಚಿಕಿತ್ಸೆ ನೀಡದೆ ಬಿಟ್ಟ ಕಣ್ಣಿಗಿರುವ ಅಪಾಯ ದೊಡ್ಡ ಪ್ರಯೋಗಗಳಿಗೆ ಅಡ್ಡಿಯಾಗಿವೆ.

ಭಾರತದಲ್ಲಿ ಚೆನ್ನೈನ ಶಂಕರ ನೇತ್ರಾಲಯ, ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆ, ಮದುರೈಯ ಅರವಿಂದ ಕಣ್ಣಿನ ಆಸ್ಪತ್ರೆ, ಬೆಂಗಳೂರಿನ ನಾರಾಯಣ ನೇತ್ರಾಲಯ ಮತ್ತು ಸರ್ಕಾರಿ ಮಿಂಟೋ ಕಣ್ಣಿನ ಆಸ್ಪತ್ರೆ ಮೊದಲಾದೆಡೆ ರೆಟಿನಾ ಶಸ್ತ್ರಚಿಕಿತ್ಸೆಯ ವಿಭಾಗಗಳಿವೆ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಆನುವಂಶಿಕ ಕಾಯಿಲೆಗಳಿಗೆ ಸಲಹೆ ಮತ್ತು ಪರೀಕ್ಷೆಯ ಸೌಲಭ್ಯ ಒದಗಿಸುತ್ತದೆ.

ಕೊಲಾಜೆನ್ ಕೊರತೆಯನ್ನೇ ಸರಿಪಡಿಸುವ ವಂಶವಾಹಿ ಚಿಕಿತ್ಸೆ ಬಳಕೆಗೆ ಬಂದಿಲ್ಲ. ಕಾಚರಸ ರೂಪುಗೊಳ್ಳುವುದು ಹುಟ್ಟಿಗೆ ಮೊದಲೇ ಆದ್ದರಿಂದ ಹುಟ್ಟಿದ ಮೇಲೆ ಅದರ ರಚನೆಯನ್ನು ಬದಲಿಸುವ ಮಾರ್ಗವಿಲ್ಲ. ಈ ಕಾರಣದಿಂದ ಬಾಧಿತ ಕುಟುಂಬಗಳ ಶಿಶುಗಳನ್ನು ಬೇಗ ಗುರುತಿಸುವುದು, ಅಪಾಯವಿರುವ ಕಣ್ಣುಗಳನ್ನು ಮೊದಲೇ ಭದ್ರಪಡಿಸುವುದು ಮತ್ತು ಜೀವನಪರ್ಯಂತ ತಪಾಸಣೆ ನಡೆಸುವುದು ಚಿಕಿತ್ಸೆಯ ಮುಖ್ಯ ಅಂಗಗಳಾಗಿವೆ.